ಇಂಚಕ್ಕನ ಎದುರು ಮಾತ್ರ ಏಳದ ಕಂಪ್ಯೂಟರು

ಒತ್ತಬೇಡ, ಒತ್ತಬೇಡ, ಬೆರಳು ತೆಗಿ ಅಲ್ಲಿಂದ. ಒಮ್ಮೆ ಒತ್ತಿದೆಯಲ್ಲ, ಸಾಕು. ಅದಕ್ಕೂ ಎದ್ದು ಮೈಮುರಿದು ಕಣ್ಣುಜ್ಜಿಕೊಳ್ಳಲು ಒಂದಿಷ್ಟು ಹೊತ್ತು ಬೇಡವೇ? ಬೆಳಿಗ್ಗೆ ನಿನ್ನನ್ನು ಎಬ್ಬಿಸಲು ನಿನ್ನಮ್ಮ ಎಷ್ಟು ಸಲ ಕೂಗಬೇಕು ಎನ್ನುವುದು ನನಗೇನು ಗೊತ್ತಿಲ್ಲದ್ದಲ್ಲ. ಅದು ಏಳುವಾಗ ಏಳಲಿ, ನೀನು ಇಲ್ಲಿ ಕೂತುಕೋ. ಇಂಥದೇ ಒಂದು ಪೆಟ್ಟಿಗೆ ನಿನ್ನ ಚಿಕ್ಕಜ್ಜಿಯ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದ ಕಥೆ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಹೇಳಿದವರೆಲ್ಲ ನಗುತ್ತಾ ಹೇಳಿ ಅರ್ಧ ನುಂಗಿಬಿಟ್ಟಿದ್ದಾರೆ.

ಚಿಕ್ಕಜ್ಜಿ ಎಂದರೆ ನನ್ನ ತಂಗಿ. ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ, ಎಲ್ಲರಿಗೂ ಅವಳು ಇಂಚಕ್ಕ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಯ ಪಕ್ಕದ ಉದ್ದನೆಯ ಹಜಾರದಲ್ಲಿ ಸಮವಸ್ತ್ರ ಹೊಲಿಯುತ್ತಾರಲ್ಲ, ಅಲ್ಲಿಗೆ ಹತ್ತೊಂಬತ್ತನೆಯ ವಯಸ್ಸಿಗೆ ಸೇರಿದವಳು. ದಾದಿಯರ ಅಂಗಿ, ಕಾವಲುಗಾರರ ಪ್ಯಾಂಟು, ಬಸ್ ಚಾಲಕರ ಖಾಕಿ, ಶಾಲೆ ಮಕ್ಕಳ ಲಂಗ, ಎಲ್ಲವೂ ಅಲ್ಲೇ. ಎರಡು ಸಾಲಿನಲ್ಲಿ ಹನ್ನೊಂದು ಮೆಷಿನು, ಕಿಟಕಿಯ ಹತ್ತಿರ ಒಂಟಿಯಾಗಿ ಇವಳದು ಹನ್ನೆರಡನೆಯದು. ಆ ಹಜಾರದವರನ್ನು ಸಂತೆಯಲ್ಲಿ ಬಿಟ್ಟರೂ ಗುರುತು ಹಿಡಿಯಬಹುದು, ಹಿಂಬದಿಗೆ ಒಂದಾದರೂ ದಾರದ ತುಂಡು ಅಂಟಿಕೊಂಡೇ ಇರುತ್ತದೆ.

ಅವಳಿಗೆ ಮನುಷ್ಯರು ಕಾಣುವುದೇ ಇಂಚಿನಲ್ಲಿ. ಸಾಲಿನಲ್ಲಿ ನಿಂತರೆ ಮುಂದಿನವನ ಬೆನ್ನಿನ ಅಗಲ ಹದಿನೇಳೂವರೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾಳೆ. ಮದುವೆಗೆ ಒಪ್ಪಿಗೆಯೇ ಎಂದು ಅಪ್ಪ ಕೇಳಿದಾಗ ಅವಳು ಹೇಳಿದ್ದೇನು ಗೊತ್ತೇ? ಹುಡುಗನ ಎಡ ಭುಜ ಅರ್ಧ ಇಂಚು ಕೆಳಗಿದೆ, ಒಳಗೊಂದು ಪ್ಯಾಡು ಹಾಕಿದರೆ ಸರಿಹೋಗುತ್ತದೆ ಎಂದಳು. ಅದನ್ನೇ ಒಪ್ಪಿಗೆ ಎಂದುಕೊಂಡೆವು. ನಿನ್ನ ಚಿಕ್ಕತಾತ ಬಸ್ಸಿನ ಕಂಡಕ್ಟರು, ಚೀಲ ನೇತುಹಾಕಿ ನೇತುಹಾಕಿ ಭುಜ ಹಾಗಾಗಿತ್ತು. ಇವತ್ತಿಗೂ ಅವರ ಎಲ್ಲ ಅಂಗಿಗೂ ಎಡಗಡೆ ಪ್ಯಾಡಿದೆ. ಇರಲಿ, ಅದು ಬೇರೆ ಕಥೆ.

ಮೂವತ್ತೆಂಟು ವರ್ಷ ಕಾಲಿನಲ್ಲಿ ಮೆಷಿನು ತುಳಿದಳು. ಮಂಡಿ ಎಷ್ಟು ದಿನ ತಾಳೀತು? ಕೊನೆಗೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಮೇಲೆ ಕಾಲಿನ ಮೆಷಿನು ಮುಟ್ಟಬಾರದು ಎಂದುಬಿಟ್ಟರು. ಅವಳು ಆ ಎಕ್ಸ್‌ರೇ ನೋಡಿ, ಎಡಗಾಲಿನ ಮೂಳೆ ಕಾಲಿಂಚು ಗಿಡ್ಡ ಎಂದು ತಿದ್ದಿ ಬಂದಳು.

ಆಗ ಕೈಹಿಡಿದವಳು ಹಜಾರದ ಯಜಮಾನಿ. ಒಳ್ಳೆಯ ಹೆಂಗಸು, ನಿಟ್ಟುಸಿರು ಮಾತ್ರ ಸ್ವಲ್ಪ ಹೆಚ್ಚು. ಬಟ್ಟೆ ಕತ್ತರಿಸುವ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆದು ದೊಡ್ಡ ಕಾಗದದ ಮೇಲೆ ತೆಗೆಯುವ ಏರ್ಪಾಡು ಬಂದಿದೆ, ಅದನ್ನು ತರಿಸುತ್ತೇನೆ ಎಂದಳು. “ಕಾಲು ಹೋದ್ರೆ ಹೋಗ್ಲಿ ಅಕ್ಕ. ನಿಮ್ಮ ಕಣ್ಣು, ಕೈ ಇದೆಯಲ್ಲ. ಕೂತು ಗೆರೆ ಎಳೀರಿ.”

ಐವತ್ತೇಳನೆಯ ವಯಸ್ಸಿಗೆ ಇಂಚಕ್ಕ ಕಂಪ್ಯೂಟರು ಕಲಿತಳು. ಮೊದಲ ವಾರ ಮೌಸ್ ಎನ್ನುವ ಆ ಇಲಿಯನ್ನು ಎಳೆದುಕೊಂಡು ಹೋಗಿ ಮೇಜಿನ ಅಂಚಿನಿಂದ ಕೆಳಗೆ ಬೀಳಿಸುತ್ತಿದ್ದಳು. ಪರದೆಯ ಮೇಲೆ ಒಂದು ಗೆರೆ ಎಳೆದರೆ ಬಗ್ಗಿ ಉಫ್ ಎಂದು ಊದುತ್ತಿದ್ದಳು, ಸೀಮೆಸುಣ್ಣದ ಪುಡಿ ಹಾರಲಿ ಎಂದು. ನಾಲ್ಕು ವಾರದಲ್ಲಿ ಊದುವುದು ನಿಲ್ಲಲಿಲ್ಲ, ಆದರೆ ಗೆರೆ ಮಾತ್ರ ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಬರತೊಡಗಿತು. ತೋಳಿನ ತಿರುವನ್ನು ಅವಳಷ್ಟು ನುಣುಪಾಗಿ ತಿರುಗಿಸುವವರು ಇಲ್ಲ.

ಯಜಮಾನಿ ಯಾವುದನ್ನೂ ಬಿಸಾಡುವವಳಲ್ಲ. ಹೊಸ ಮೇಜು ಯಾಕೆಂದು ಇಂಚಕ್ಕನ ಹಳೆಯ ಮೆಷಿನಿನ ಕಬ್ಬಿಣದ ಸ್ಟ್ಯಾಂಡನ್ನೇ ಉಳಿಸಿಕೊಂಡಳು. ಬಡಗಿ ಬಂದು ಮೇಲಿನ ಮೆಷಿನನ್ನೂ ಕೆಳಗಿನ ತುಳಿಯುವ ಪೆಡಲನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿ, ಮೇಲೊಂದು ಹಲಗೆ ಜಡಿದ. ಅದೇ ಕಿಟಕಿ, ಅದೇ ಕುರ್ಚಿ. ನೆಲ ಒರೆಸುವಾಗ ನೀರು ತಾಗಬಾರದು ಎಂದು, ವಯರುಗಳನ್ನೆಲ್ಲ ಚುಚ್ಚುವ ಉದ್ದನೆಯ ಪ್ಲಗ್ಗಿನ ಪಟ್ಟಿಯನ್ನು ಒಂದು ಹಳೆಯ ಮಣೆಯ ಮೇಲಿಟ್ಟು, ಆ ಮಣೆಯನ್ನು ಸ್ಟ್ಯಾಂಡಿನ ಕೆಳಗಿನ ಅಡ್ಡಕಂಬಿಯ ಮೇಲೆ ಕೂರಿಸಿದರು. ಎಲ್ಲ ಅಚ್ಚುಕಟ್ಟು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಶುರುವಾಯಿತು ಪೀಡೆ.

ಇಂಚಕ್ಕ ಬೆಳಿಗ್ಗೆ ಬಂದು ಗುಂಡಿ ಒತ್ತುತ್ತಾಳೆ. ದೀಪ ಹತ್ತುತ್ತದೆ, ಒಳಗೆ ಫ್ಯಾನು ಗುಂಯ್ ಎನ್ನುತ್ತದೆ, ಪರದೆಯ ಮೇಲೆ ಪುಟ್ಟ ಚಕ್ರವೊಂದು ತಿರುಗತೊಡಗುತ್ತದೆ. ಇನ್ನೇನು ಎದ್ದಿತು ಎನ್ನುವಷ್ಟರಲ್ಲಿ ಟಪ್ ಎಂದು ಎಲ್ಲ ಕತ್ತಲು. ಮತ್ತೆ ಒತ್ತಿದರೆ ಮತ್ತೆ ಅದೇ. ಮೂರನೆಯ ಸಲಕ್ಕೆ ಪರದೆಯೆಲ್ಲ ನೀಲಿಯಾಗಿ, ನಿಮ್ಮ ಕಂಪ್ಯೂಟರು ಸರಿಯಾಗಿ ಶುರುವಾಗಲಿಲ್ಲ ಎಂಬ ಬರಹ ಬರುತ್ತದೆ. ಅದನ್ನು ಅದು ಹೇಳಬೇಕೇ? ಅವಳ ಮುಖ ನೋಡಿದರೆ ಬೀದಿಯಲ್ಲಿ ಹೋಗುವವರೂ ಹೇಳುತ್ತಿದ್ದರು.

ರಿಪೇರಿಯವನನ್ನು ಕರೆಸಿದರು. ನಡುವಯಸ್ಸಿನ ಮನುಷ್ಯ, ಮೊದಲು ರೇಡಿಯೋ ಸರಿಮಾಡುತ್ತಿದ್ದ. ಬಾಯಲ್ಲಿ ಯಾವಾಗಲೂ ಎರಡು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದರಿಂದ ಮಾತೆಲ್ಲ ತುಟಿಯ ಒಂದು ಮೂಲೆಯಿಂದಲೇ ಬರುತ್ತಿತ್ತು. ಅವನು ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಗುಂಡಿ ಒತ್ತಿದ. ಕಂಪ್ಯೂಟರು ಕೈಕಟ್ಟಿ ನಿಂತ ಸೇವಕನಂತೆ ಎದ್ದು ನಿಂತಿತು. ಆರಿಸಿ ಮತ್ತೆ ಒತ್ತಿದ, ಮತ್ತೆ ಎದ್ದಿತು. ಏನೂ ಆಗಿಲ್ಲ ಎಂದು ಹೊರಟ. ಅವನು ಬೀದಿಯ ತಿರುವು ದಾಟುವ ಮೊದಲೇ ಇಂಚಕ್ಕ ಒತ್ತಿದಳು. ಟಪ್.

ಹೀಗೆ ಐದು ಸಲ ಬಂದ. ಒಂದು ದಿನ ಪೆಟ್ಟಿಗೆ ಬಿಚ್ಚಿ ಧೂಳು ಊದಿದ, ಒಂದು ತಲೆದಿಂಬಿಗಾಗುವಷ್ಟು ಹತ್ತಿ ಬಂತು. ಇನ್ನೊಂದು ದಿನ ಒಳಗಿನ ನೆನಪಿನ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ನಾಣ್ಯದಂಥ ಬ್ಯಾಟರಿ ಬದಲಿಸಿದ, ಕರೆಂಟಿನ ಡಬ್ಬಿಯನ್ನೂ ಬದಲಿಸಿದ. ಒಮ್ಮೆ ಪೆಟ್ಟಿಗೆಯನ್ನು ಅಂಗಡಿಗೇ ಒಯ್ದು ಮೂರು ದಿನ ಇಟ್ಟುಕೊಂಡ, ಅಲ್ಲಿ ಇಪ್ಪತ್ತಾರು ಸಲ ಎಬ್ಬಿಸಿ ಮಲಗಿಸಿ ಎಬ್ಬಿಸಿದನಂತೆ, ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಕೊನೆಗೆ, ಮೈಯಲ್ಲಿರುವ ಕರೆಂಟು ಕೆಲವರಿಗೆ ಜಾಸ್ತಿ, ಕಿಟಕಿಯ ಸರಳು ಹಿಡಿದುಕೊಂಡು ಒತ್ತಿ ನೋಡಿ ಎಂದ. ಪಾಪ, ಅದನ್ನೂ ಮಾಡಿದಳು. ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಗುಂಡಿ, ಬಸ್ಸಿನಲ್ಲಿ ನೇತಾಡಿದ ಹಾಗೆ. ಹನ್ನೊಂದು ಮೆಷಿನಿನವರೂ ತಲೆ ತಗ್ಗಿಸಿ ನಕ್ಕರು. ಅದೊಂದು ದಿನ ಮಾತ್ರ, ಸರಳು ಹಿಡಿಯಲು ಎದ್ದು ನಿಂತಿದ್ದಳಲ್ಲ, ಕಂಪ್ಯೂಟರು ಎದ್ದಿತು. ಮಾರನೆಯ ದಿನ ಕುರ್ಚಿಯನ್ನೇ ಕಿಟಕಿಗೆ ಎಳೆದುಕೊಂಡು ಕೂತು ಸರಳು ಹಿಡಿದಳು. ಟಪ್.

ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿತ್ತು. ಕಾದು ಬೇಸತ್ತು ಅವಳು ಇನ್ನೊಮ್ಮೆ ಗುಂಡಿ ಒತ್ತಿ ನೀರು ಕುಡಿಯಲು ಎದ್ದು ಹೋದರೆ, ತಿರುಗಿ ಬರುವಷ್ಟರಲ್ಲಿ ಪರದೆ ಹಲ್ಲುಕಿರಿದು ಕೂತಿರುತ್ತಿತ್ತು. ಅಂದರೆ ಅವಳು ಎದುರಿಗಿದ್ದರೆ ಏಳುವುದಿಲ್ಲ, ಬೆನ್ನು ತಿರುಗಿಸಿದರೆ ಏಳುತ್ತದೆ. ಸೊಸೆಯಂದಿರಲ್ಲಿ ಇಂಥವರನ್ನು ನೋಡಿದ್ದೇನೆ, ಯಂತ್ರಗಳಲ್ಲಿ ಕೇಳಿರಲಿಲ್ಲ.

ಯಜಮಾನಿಯ ಸೋದರಳಿಯನ ಹೆಂಡತಿ ಅದೇ ಹಜಾರದಲ್ಲಿ ಬಿಲ್ಲು ಬರೆಯುತ್ತಿದ್ದಳು. ಕಂಪ್ಯೂಟರು ಕಲಿತವಳು, ಉದ್ದನೆಯ ಉಗುರು, ಕೂತರೆ ಕಾಲನ್ನು ಕುರ್ಚಿಯ ಕೆಳಗೆ ಹೆಣೆದುಕೊಂಡೇ ಕೂರುವಳು. ಕೆಟ್ಟವಳೇನಲ್ಲ. ಅವಳು ಬಂದು ಒತ್ತಿದರೆ ಥಟ್ಟನೆ ಏಳುತ್ತಿತ್ತು. ಹಾಗಾಗಿ ದಿನಾ ಅವಳು ಎಬ್ಬಿಸಿಕೊಡುವುದು, ಇವಳು ಕೂರುವುದು ಎಂದಾಯಿತು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಬೀದಿ ಅದು. ಮೂರು ಸಲವೂ ಇಂಚಕ್ಕ, ಬಾರಮ್ಮಾ ಸ್ವಲ್ಪ, ಎಂದು ಕರೆಯಬೇಕು. ಮೂವತ್ತೆಂಟು ವರ್ಷ ಯಾರನ್ನೂ ಒಂದು ಸೂಜಿ ಕೇಳಿದವಳಲ್ಲ.

ಒಂದು ಗುರುವಾರ ಯಜಮಾನಿ ಅವಳನ್ನು ಇಸ್ತ್ರಿ ಮೇಜಿನ ಹತ್ತಿರ ಕರೆದು, ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಹೇಗೂ ಇನ್ನೊಬ್ಬರೇ ಎಬ್ಬಿಸಬೇಕು ಎಂದಾದರೆ ಆ ಇನ್ನೊಬ್ಬರೇ ಅಲ್ಲಿ ಕೂರಬಹುದಲ್ಲವೇ ಎಂದಳು. ಶನಿವಾರ ಹನ್ನೊಂದು ಗಂಟೆಗೆ ರಿಪೇರಿಯವನೂ ಬರುತ್ತಾನೆ, ಎಲ್ಲರ ಎದುರು ಇಂಚಕ್ಕ ಒತ್ತಲಿ. ಎದ್ದರೆ ಸರಿ. ಇಲ್ಲದಿದ್ದರೆ ಸೋಮವಾರದಿಂದ ಕಿಟಕಿಯ ಕುರ್ಚಿ ಉಗುರಿನವಳಿಗೆ, ಇಂಚಕ್ಕನಿಗೆ ಬಾಗಿಲ ಬಳಿ ಒಂದು ಸ್ಟೂಲು, ಗುಂಡಿ ಎಣಿಸಿ ಪೊಟ್ಟಣ ಕಟ್ಟುವ ಕೆಲಸ. ಊರಿನ ಅರ್ಧ ಜನರ ಅಂಗಿಯ ತೋಳು ತಿರುಗಿಸಿದ ಕೈಗೆ ಗುಂಡಿ ಎಣಿಸುವ ಕೆಲಸ.

ಮನೆಗೆ ಬಂದು ಗಂಡನಿಗೆ ಹೇಳಿಕೊಂಡಳು. ನಿನ್ನ ಚಿಕ್ಕತಾತ ಯಾವ ಕಷ್ಟ ಹೇಳಿದರೂ ಬಸ್ಸಿನ ಲೆಕ್ಕದಲ್ಲೇ ಪರಿಹಾರ ಕೊಡುವವರು. ಗಾಡಿ ಸ್ಟಾರ್ಟ್ ಆಗದಿದ್ದರೆ ಪ್ರಯಾಣಿಕರನ್ನು ಇಳಿಸಿ ತಳ್ಳಿಸಬೇಕು ಎಂದರು. ಅವಳು ಆ ದಿನ ಅವರ ಅಂಗಿಯ ಪ್ಯಾಡು ಬಿಚ್ಚಿ ಇಟ್ಟಳಂತೆ, ಸಿಟ್ಟಿಗೆ. ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ಯಾರೂ ಇಲ್ಲದಾಗ ಆ ಪೆಟ್ಟಿಗೆಯ ಹತ್ತಿರ ಬಗ್ಗಿ ಕೇಳಿದಳಂತೆ: “ನಾನು ನಿಂಗೇನಪ್ಪಾ ಮಾಡಿದ್ದೀನಿ? ಬಾಯಿಬಿಟ್ಟಾದ್ರೂ ಹೇಳು.” ಪೆಟ್ಟಿಗೆ ಟಪ್ ಎಂದಿತು.

ಶನಿವಾರ ಬಂತು. ಶನಿವಾರ ಅಂದರೆ ಎಣ್ಣೆಬುಡ್ಡಿ ಬರುವ ದಿನವೂ ಹೌದು. ಹೊಲಿಗೆ ಮೆಷಿನಿನ ಮೆಕ್ಯಾನಿಕ್ಕು ಅವನು. ಮೂವತ್ತು ವರ್ಷದಿಂದ ಪ್ರತಿ ಶನಿವಾರ ಬಂದು ಹನ್ನೊಂದಕ್ಕೂ ಎಣ್ಣೆ ಬಿಟ್ಟು, ಬೆಲ್ಟು ಬಿಗಿಮಾಡಿ ಹೋಗುತ್ತಾನೆ. ಅವನಿಗೂ ಇಂಚಕ್ಕನಿಗೂ ಮೂವತ್ತು ವರ್ಷದ ಜಗಳ. ಅವಳು ಅವನನ್ನು ಎಣ್ಣೆಬುಡ್ಡಿ ಎನ್ನುತ್ತಾಳೆ, ಅವನು ಅವಳನ್ನು ಅಳತೆಪಟ್ಟಿ ಎನ್ನುತ್ತಾನೆ. ಅವನ ರಿಪೇರಿಯ ರೀತಿಯೇ ಬೇರೆ. ಮೆಷಿನು ಕೆಟ್ಟಿದೆ ಎಂದರೆ ಮೆಷಿನು ನೋಡುವುದಿಲ್ಲ. ಹೊಲಿಯುವವಳನ್ನು ಕೂರಿಸಿ, ದಿನಾ ಹೊಲಿಯುವ ಹಾಗೆ ಹೊಲಿ ಎಂದು, ತಾನು ನೆಲಕ್ಕೆ ಕುಕ್ಕರಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ.

ಹನ್ನೊಂದಾಯಿತು. ಸ್ಕ್ರೂ ಬಾಯಿಯವನು ಬಂದು ಗೋಡೆಗೆ ಒರಗಿ ನಿಂತ. ಉಗುರಿನವಳು ಪಾಪ ನೆಲ ನೋಡುತ್ತಾ ನಿಂತಳು. ಯಜಮಾನಿ ಕೈ ಎತ್ತಿ, ಎಲ್ಲರೂ ಎರಡು ನಿಮಿಷ ಹೊಲಿಗೆ ನಿಲ್ಲಿಸಿ ಎಂದಳು. ಹನ್ನೊಂದು ಮೆಷಿನೂ ನಿಂತವು.

ಆ ಹಜಾರ ಹಗಲುಹೊತ್ತು ಹಾಗೆ ಸದ್ದಡಗಿದ್ದನ್ನು ಯಾರೂ ಕೇಳಿರಲಿಲ್ಲ. ಗೋಡೆಗೊಂದು ಗಡಿಯಾರವಿದೆ, ಅದಕ್ಕೆ ಸದ್ದೂ ಇದೆ ಎನ್ನುವುದು ಅಂದೇ ಗೊತ್ತಾಗಿದ್ದು. ಪಕ್ಕದ ಅಂಗಡಿಯವನು ಬೀಗದ ಕೈ ಅರ ಹಾಕಿ ಉಜ್ಜುವುದು ಕೇಳುತ್ತಿತ್ತು. ಇಂಚಕ್ಕ ಕುರ್ಚಿಯ ಮೇಲೆ ಕೂತು, ಎಂದಿನಂತೆ ಚಪ್ಪಲಿ ಬಿಟ್ಟು, ಸೆರಗಿನ ತುದಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ದೀಪ ಹತ್ತಿತು. ಗುಂಯ್ ಎಂದಿತು. ಚಕ್ರ ಬಂದು ತಿರುಗತೊಡಗಿತು. ಅವಳು ಉಸಿರು ಬಿಗಿಹಿಡಿದು, ರೆಪ್ಪೆ ಬಡಿಯದೆ ಆ ಚಕ್ರವನ್ನೇ ನೋಡುತ್ತಿದ್ದಳು.

ಆಗ ಕೇಳಿಸಿತು. ಟಕ್ಕ ಟಕ್ಕ, ಟಕ್ಕ ಟಕ್ಕ, ಟಕ್ಕ ಟಕ್ಕ.

ಎಣ್ಣೆಬುಡ್ಡಿ ಏಳನೆಯ ಮೆಷಿನಿನ ಕೆಳಗೆ ಕುಕ್ಕರಿಸಿದ್ದ. ತಲೆ ಎತ್ತದೆಯೇ, “ಹೊಲಿಗೆ ನಿಲ್ಸಿ ಅಂದ್ರಲ್ಲ, ಯಾರದು ಇನ್ನೂ ಹೊಲೀತಿರೋದು?” ಎಂದ.

ಹನ್ನೊಂದು ಜನವೂ ಎರಡೆರಡು ಕೈ ಎತ್ತಿ ತೋರಿಸಿದರು. ಅಷ್ಟರಲ್ಲಿ ಟಪ್ ಎಂದು ಪರದೆ ಆರಿತು. ಅದರ ಜೊತೆಗೇ ಟಕ್ಕ ಟಕ್ಕವೂ ನಿಂತಿತು. ಯಜಮಾನಿಯ ನಿಟ್ಟುಸಿರು ಶುರುವಾಗಿ ಅರ್ಧಕ್ಕೆ ಬಂದಿತ್ತು, ಎಣ್ಣೆಬುಡ್ಡಿ ಎದ್ದು ಬಂದ. ಇದು ನಿನ್ನ ಎಣ್ಣೆಯ ಕೆಲಸ ಅಲ್ಲಪ್ಪಾ ಎಂದು ರಿಪೇರಿಯವನು ತುಟಿಯ ಮೂಲೆಯಿಂದ ಹೇಳಿದ. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಸಲ ಒತ್ತು ಎಂದು ಅವಳಿಗೆ ಹೇಳಿ, ತಾನು ನೆಲದ ಮೇಲೆ ಉದ್ದಕ್ಕೆ ಮಲಗಿ ಕೆನ್ನೆ ನೆಲಕ್ಕಿಟ್ಟ.

ಅವಳು ಒತ್ತಿದಳು. ದೀಪ, ಗುಂಯ್, ಚಕ್ರ. ಟಕ್ಕ ಟಕ್ಕ, ಟಕ್ಕ ಟಕ್ಕ.

“ಅಳತೆಪಟ್ಟಿ,” ಎಂದ ನೆಲದಿಂದಲೇ. “ಇಲ್ಲಿ ಎರಡು ಕಾಲಿದೆ. ಯಾರದು?”

“ನಂದೇ. ಇನ್ಯಾರದು ಇರುತ್ತೆ?”

“ಏನ್ ಮಾಡ್ತಿವೆ ಅಂತ ಒಂದ್ಸಲ ಬಗ್ಗಿ ನೋಡು.”

ಅವಳು ಬಗ್ಗಿದಳು. ಬಲಗಾಲು ಮುಂದೆ, ಎಡಗಾಲು ಒಂದು ಗೇಣು ಹಿಂದೆ, ಎರಡೂ ಮಣೆಯ ಮೇಲೆ ಏರುತ್ತಾ ಇಳಿಯುತ್ತಾ, ಖಾಕಿ ಪ್ಯಾಂಟಿನ ಉದ್ದನೆಯ ಹೊಲಿಗೆ ಹಾಕುವಾಗಿನ ನಡಿಗೆಯಲ್ಲಿ ಹೋಗುತ್ತಲೇ ಇದ್ದವು. ಅಡ್ಡಕಂಬಿಯ ಮೇಲೆ ಕೂತಿದ್ದ ಮಣೆ ಏರಿಳಿಯುತ್ತಿತ್ತು, ಮಣೆಯ ಮೇಲಿನ ಪ್ಲಗ್ಗಿನ ಪಟ್ಟಿ ಕುಣಿಯುತ್ತಿತ್ತು. ಪಕ್ಕದ ಮನೆಯ ಮಕ್ಕಳು ತನ್ನ ಗೋಡೆ ಹತ್ತುವಾಗ ಸಿಕ್ಕಿಬಿದ್ದರೆ ನೋಡುವ ಹಾಗೆ ಅವಳು ತನ್ನ ಕಾಲುಗಳನ್ನೇ ನೋಡಿದಳು. ಅವಳು ಕಳಿಸಿದ್ದಲ್ಲ, ಅವೇ ಹೋಗಿದ್ದವು. ಟಪ್.

ಆಮೇಲೆ ಎಲ್ಲವೂ ಬಿಡಿಸಿಟ್ಟ ಹಾಗೆ ಅರ್ಥವಾಯಿತು. ಮೂವತ್ತೆಂಟು ವರ್ಷ ಕಣ್ಣೆದುರು ಚಕ್ರ ತಿರುಗಬೇಕಾದರೆ ಕಾಲು ತುಳಿಯಬೇಕಿತ್ತು. ಈಗ ಪರದೆಯ ಮೇಲೆ ಚಕ್ರ ತಿರುಗುವುದು ಕಂಡರೆ ಕಾಲು ಯಾರನ್ನೂ ಕೇಳದೆ ಹೊರಡುತ್ತಿತ್ತು. ಎರಡು ತಿಂಗಳು ತುಳಿದು ತುಳಿದು ಪ್ಲಗ್ಗು ಸಡಿಲವಾಗಿತ್ತು, ಅಲ್ಲಿಂದಾಚೆಗೆ ಪ್ರತಿ ಕುಣಿತಕ್ಕೂ ಕರೆಂಟು ತಪ್ಪುತ್ತಿತ್ತು. ಚಿತ್ರ ಬಂದು ಗೆರೆ ಎಳೆಯಲು ಕೂತ ಮೇಲೆ ಕಾಲು ತಣ್ಣಗಿರುತ್ತಿತ್ತು, ಬಟ್ಟೆ ಕತ್ತರಿಸುವಾಗ ಯಾರು ತುಳಿಯುತ್ತಾರೆ? ಇಷ್ಟು ದಿನ ಆ ಸದ್ದು ಯಾರಿಗೂ ಕೇಳದಿದ್ದದ್ದೂ ಸರಿಯೇ, ಹನ್ನೊಂದು ಮೆಷಿನು ಓಡುವ ಕಡೆ ಹನ್ನೆರಡನೆಯದರ ಸದ್ದನ್ನು ಯಾರು ಲೆಕ್ಕ ಹಾಕುತ್ತಾರೆ. ಅದೂ ಮೂವತ್ತೆಂಟು ವರ್ಷ ಅದೇ ಕಿಟಕಿಯ ಕಡೆಯಿಂದ ಬರುತ್ತಿದ್ದ ಸದ್ದು.

ರಿಪೇರಿಯವನು ಮೊದಲ ಸಲ ಬಾಯಿಂದ ಸ್ಕ್ರೂ ಎರಡನ್ನೂ ತೆಗೆದು ಅಂಗೈಯಲ್ಲಿಟ್ಟುಕೊಂಡ. ಕಾಜು ಹೊಲಿಯುವವಳೊಬ್ಬಳು, ಮದುವೆಯಾದ ದಿನದಿಂದ ಅತ್ತೆ ಬಾಯಲ್ಲಿ ಕಾಲ್ಗುಣ ಕಾಲ್ಗುಣ ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ ಎಂದಳು. ಯಜಮಾನಿ ನಿಟ್ಟುಸಿರು ಮರೆತು ನಕ್ಕು ನಕ್ಕು ಇಸ್ತ್ರಿ ಮೇಜು ಹಿಡಿದುಕೊಂಡಳು. ಇಂಚಕ್ಕ ನಗಲಿಲ್ಲ. ಎರಡೂ ಕಾಲನ್ನು ಕುರ್ಚಿಯ ಮೇಲೆತ್ತಿ, ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಗುಂಡಿ ಒತ್ತು ಎಂದು ಎಣ್ಣೆಬುಡ್ಡಿಗೆ ಹೇಳಿದಳು. ಅವನು ಒತ್ತಲಿಲ್ಲ. “ನೀನೇ ಒತ್ತಬೇಕು, ಪರೀಕ್ಷೆ ನಿಂದು,” ಎಂದ. ಒಂದು ಕೈ ಬಿಡಿಸಿ ಒತ್ತಿದಳು. ಚಕ್ರ ತಿರುಗಿತು, ತಿರುಗಿತು, ತಿರುಗಿ ಪರದೆ ಬೆಳಗಾಯಿತು. ಆಗ ನಕ್ಕಳು. ನಕ್ಕವಳ ಕಣ್ಣಲ್ಲಿ ನೀರಿತ್ತು ಎಂದು ಉಗುರಿನವಳೇ ನನಗೆ ಹೇಳಿದ್ದು.

ಕಿಟಕಿಯ ಕುರ್ಚಿ ಇಂಚಕ್ಕನಿಗೇ ಉಳಿಯಿತು. ಪ್ಲಗ್ಗಿನ ಪಟ್ಟಿಯನ್ನು ಅಂದೇ ಗೋಡೆಗೆ ಜಡಿದರು. ಆದರೆ ಕಾಲನ್ನು ಎಲ್ಲಿ ಜಡಿಯುವುದು? ಮೇಲೆತ್ತಿ ಕೂತರೆ ಮಂಡಿ ನೋವು, ಕೆಳಗಿಟ್ಟರೆ ಚಕ್ರ ಕಂಡ ಕೂಡಲೇ ತುಳಿಯಲು ಏನೂ ಸಿಗದೆ ಕತ್ತಲಲ್ಲಿ ಚಪ್ಪಲಿ ಹುಡುಕುವ ಹಾಗೆ ತಡಕಾಡುವುದು. ಒಂದು ದಿನ ಅಳತೆಯ ಟೇಪಿನಿಂದ ಎರಡನ್ನೂ ಕಟ್ಟಿಕೊಂಡು ಕೂತಳು, ಮರೆತು ಎದ್ದು ಬೀಳುವುದರಲ್ಲಿದ್ದಳು. ಮುಂದಿನ ಶನಿವಾರ ಎಣ್ಣೆಬುಡ್ಡಿ ಅಟ್ಟ ಹತ್ತಿ, ಅವಳ ಹಳೆಯ ಪೆಡಲು ಹುಡುಕಿ ತಂದು, ತುಕ್ಕು ಉಜ್ಜಿ, ಮೊದಲಿದ್ದ ಜಾಗದಲ್ಲೇ ಕೂರಿಸಿದ. ಬೆಲ್ಟಿಲ್ಲ, ಗಾಲಿಯಿಲ್ಲ, ಯಾವುದಕ್ಕೂ ಸಂಬಂಧವಿಲ್ಲ. ತುಳಿದರೆ ಗಾಳಿ ತುಳಿದಷ್ಟೇ ಹಗುರ. ಡಾಕ್ಟರನ್ನು ಕೇಳಿದ್ದಕ್ಕೆ, ಭಾರವಿಲ್ಲದಿದ್ದರೆ ಒಳ್ಳೆಯದೇ, ಮಂಡಿ ಮರಗಟ್ಟುವುದಿಲ್ಲ ಎಂದರಂತೆ.

ಈಗ ಬೆಳಿಗ್ಗೆ ಗುಂಡಿ ಒತ್ತಿ, ಎರಡು ಕಾಲೂ ಪೆಡಲಿನ ಮೇಲಿಟ್ಟು ಆರಾಮವಾಗಿ ತುಳಿಯುತ್ತಾಳೆ. ಜೋರಾಗಿ ತುಳಿದ ದಿನ ಬೇಗ ಏಳುತ್ತದೆ ಎಂದು ಅವಳ ವಾದ. ರಿಪೇರಿಯವನು ಮೊದಮೊದಲು ಅಲ್ಲ ಎನ್ನುತ್ತಿದ್ದ, ಈಗ ಬಾಯಲ್ಲಿ ಸ್ಕ್ರೂ ಇರುವ ನೆಪದಲ್ಲಿ ಸುಮ್ಮನಿರುತ್ತಾನೆ. ಯಾರೂ ಇಲ್ಲದಾಗ ಉಗುರಿನವಳು ಕೂಡ ಒಂದೆರಡು ಸಲ ತುಳಿದೇ ಎಬ್ಬಿಸುತ್ತಾಳಂತೆ. ನಿನ್ನ ಚಿಕ್ಕತಾತನ ಅಂಗಿಗೆ ಪ್ಯಾಡೂ ವಾಪಸು ಬಂತು.

ನೋಡು, ಮಾತಿನ ನಡುವೆ ನಿನ್ನದೂ ಎದ್ದಿತು. ಎದ್ದರೆ ಎದ್ದಿರಲಿ, ಒಂದು ಗಳಿಗೆ ಅಲ್ಲೇ ಬಿಡು. ಆ ಪೆಡಲು ಒಂದು ವಾರದಿಂದ ಕಿರ್ ಕಿರ್ ಎನ್ನುತ್ತಿದೆಯಂತೆ. ಎಣ್ಣೆಬುಡ್ಡಿಯನ್ನು ಕೇಳಿದರೆ ಹಾಕುತ್ತಾನೆ, ಆದರೆ ಅವಳು ಸತ್ತರೂ ಕೇಳುವುದಿಲ್ಲ, ಆ ಒಂದು ದಿನದ ಉಪಕಾರವೇ ಅವಳಿಗೆ ಇನ್ನೂ ಜೀರ್ಣವಾಗಿಲ್ಲ. ನನ್ನ ಅಲಮಾರಿನ ಕೆಳಗಿನ ಖಾನೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಉದ್ದ ಮೂತಿಯ ಎಣ್ಣೆ ಡಬ್ಬಿ ಇಟ್ಟಿದ್ದೇನೆ. ತಗೊಂಡು ಹೋಗಿ ಅವಳ ಕೈಗೇ ಕೊಟ್ಟು ಬಾ, ಬೇರೆ ಯಾರ ಎದುರೂ ತೆಗೆಯಬೇಡ. ಎಡಗಡೆಯ ಮೊಳೆಗೆ ಎರಡೇ ಹನಿ ಸಾಕು ಎಂದು ಹೇಳು, ಇಲ್ಲದಿದ್ದರೆ ಅರ್ಧ ಡಬ್ಬಿ ಸುರಿಯುತ್ತಾಳೆ.